ಓಷ್ ಊರಲ್ಲಿ ವೀಸಾ ಕಾಯುತ್ತಾ ಹನ್ನೊಂದನೇ ದಿನ, ಮುಂದೇನು ಮಾಡಲಿ?

ಧಾರವಾಡದ ಪೆಡಲ್
ಸೆಪ್ಟೆಂಬರ್ 13, 2025, ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಕಿರ್ಗಿಸ್ತಾನದ ಓಷ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿಗೆ ಬಂದು ಇವತ್ತಿಗೆ ಹನ್ನೊಂದು ದಿನ. ಸೈಕಲ್ ಚೆನ್ನಾಗಿದೆ, ಮೈ ಚೆನ್ನಾಗಿದೆ, ಕೈಯಲ್ಲಿ ದುಡ್ಡೂ ಇದೆ. ತಜಿಕಿಸ್ತಾನದ ಇ-ವೀಸಾ ಮಾತ್ರ ಬಂದಿಲ್ಲ.

ಮೊದಲಿಂದ ಹೇಳುತ್ತೇನೆ. ಆಗಸ್ಟ್ ಮಧ್ಯದಲ್ಲಿ ಸೈಕಲ್ಲನ್ನು ರಟ್ಟಿನ ಡಬ್ಬಿಯಲ್ಲಿ ಕಟ್ಟಿಕೊಂಡು ದೆಹಲಿಯಿಂದ ಅಲ್ಮಾಟಿಗೆ ವಿಮಾನದಲ್ಲಿ ಬಂದೆ. ಕಜಕಿಸ್ತಾನಕ್ಕೆ ನಮ್ಮವರಿಗೆ 14 ದಿನದ ತನಕ ವೀಸಾ ಬೇಡ, 2022ರಿಂದ ಹಾಗಿದೆ. ಅಲ್ಲಿಂದ ಬಿಷ್ಕೆಕ್ ಸುಮಾರು 240 ಕಿ.ಮೀ. ಆಗಸ್ಟ್ 22ಕ್ಕೆ ಕಿರ್ಗಿಸ್ತಾನದ ಒಳಗೆ ಬಂದೆ. ಬಿಷ್ಕೆಕ್‌ನಿಂದ ಓಷ್‌ಗೆ ಬರುವ ದಾರಿ ಎಂಥ ದಾರಿ ಅಂತೀರಿ! ತೋ ಅಶೂ ಸುರಂಗ 3,100 ಮೀಟರಿಗಿಂತ ಎತ್ತರದಲ್ಲಿದೆ, ಉದ್ದ ಎರಡೂವರೆ ಕಿ.ಮೀ.ಗಿಂತ ಜಾಸ್ತಿ. ಒಳಗೆಲ್ಲ ಲಾರಿಗಳ ಹೊಗೆ. ಒಬ್ಬ ಡ್ರೈವರಣ್ಣ ಸೈಕಲ್ಲನ್ನು ಕಲ್ಲಂಗಡಿ ಲೋಡಿನ ಮೇಲೆ ಹಾಕಿಕೊಂಡು ದಾಟಿಸಿದರು. ಆಚೆ ಕಡೆ ಇಳಿದರೆ ಸೂಸಮೀರ್ ಕಣಿವೆ, ಕಣ್ಣು ಹಾಯುವಷ್ಟು ದೂರ ಹುಲ್ಲು, ಕುದುರೆ, ಬಿಳಿ ಡೇರೆಗಳು.

ಸೆಪ್ಟೆಂಬರ್ 3ಕ್ಕೆ ಓಷ್ ತಲುಪಿದೆ. ಅವತ್ತೇ ತಜಿಕಿಸ್ತಾನದ ಇ-ವೀಸಾಗೆ ಅರ್ಜಿ ಹಾಕಿದೆ, ಪಾಮಿರ್‌ಗೆ ಹೋಗಲು ಬೇಕಾದ ಜಿಬಿಎಒ ಪರ್ಮಿಟ್ಟನ್ನೂ (ಆ ಬೆಟ್ಟಸೀಮೆಯ, ಅಂದರೆ ಗೋರ್ನೋ ಬದಖ್ಶಾನ್ ಪ್ರಾಂತ್ಯದ, ಒಳಗೆ ಹೋಗುವ ಅನುಮತಿ) ಅದರಲ್ಲೇ ಕೇಳಿದೆ. ಊರಿಂದ ಹೊರಡುವ ಮುಂಚೆಯೇ ಹಾಕಬಹುದಿತ್ತು. ದಾರಿಯಲ್ಲಿ ಎಷ್ಟು ದಿನ ಹಿಡಿಯುತ್ತದೋ, ತಾರೀಕು ತಪ್ಪಿದರೆ ಕಷ್ಟ ಅಂತ ಬಿಟ್ಟಿದ್ದೆ.

ಈಗಿನ ಲೆಕ್ಕ ಹೀಗಿದೆ. ನನ್ನ ಕಿರ್ಗಿಸ್ತಾನ ವೀಸಾ 30 ದಿನದ್ದು, ಸೆಪ್ಟೆಂಬರ್ 20ಕ್ಕೆ ಮುಗಿಯುತ್ತದೆ. ಓಷ್‌ನಿಂದ ತಜಿಕಿಸ್ತಾನದ ಕಿಜಿಲ್ ಆರ್ಟ್ ಗಡಿಗೆ ಹತ್ತಲು ಕನಿಷ್ಠ ನಾಲ್ಕು ದಿನ ಬೇಕು. ಇವತ್ತು ಶನಿವಾರ, ಸೋಮವಾರದ ತನಕ ಯಾವ ಕಚೇರಿಯೂ ತೆಗೆಯುವುದಿಲ್ಲ. ಬೆಟ್ಟದ ಮೇಲೆ ಹಿಮ ಬೀಳುವ ಕಾಲ ಹತ್ತಿರ ಬಂತು. ಇಷ್ಟು ವರ್ಷ ಕನಸು ಕಂಡಿದ್ದು ಈ ಪಾಮಿರ್ ಹೆದ್ದಾರಿಗಾಗಿಯೇ. ರಾತ್ರಿ ಎರಡು ಮೂರು ಸಲ ಎದ್ದು ಮೇಲ್ ನೋಡುತ್ತೇನೆ. ಹೀಗೆ ಕಾದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಗಾಲಿಮನೆ
ಸೆಪ್ಟೆಂಬರ್ 13, ಬೆಳಿಗ್ಗೆ

2019ರಲ್ಲಿ ಆ ರಸ್ತೆಯಲ್ಲಿ ಹೋಗಿದ್ದೇನೆ. ಮೊದಲು ಒಂದೇ ಒಂದು ಮಾತು, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ: ತಜಿಕಿಸ್ತಾನದ ವೀಸಾ ಕೈಗೆ ಬಾರದೆ ಕಿರ್ಗಿಸ್ತಾನದಿಂದ ಹೊರಗೆ ಹೋಗುವ ಮುದ್ರೆ ಒತ್ತಿಸಬೇಡಿ. ಎರಡು ದೇಶದ ಚೌಕಿಗಳ ನಡುವೆ ಅಲ್ಲಿ ಸುಮಾರು 20 ಕಿ.ಮೀ. ಯಾರೂ ಇಲ್ಲದ ನೆಲ ಇದೆ. ಈ ಕಡೆ ಮುದ್ರೆ ಬಿದ್ದ ಮೇಲೆ ನಿಮ್ಮ ವೀಸಾ ಮುಗಿದ ಹಾಗೆ, ವಾಪಸ್ ಬಿಡುವುದಿಲ್ಲ. ಆ ಕಡೆಯವರು ಒಳಗೆ ಸೇರಿಸುವುದಿಲ್ಲ. 4,280 ಮೀಟರ್ ಎತ್ತರದಲ್ಲಿ ಡೇರೆ ಹಾಕಿಕೊಂಡು ಕೂರುವ ಜಾಗ ಅಲ್ಲ ಅದು.

"ನಾಳೆ ಬರಬಹುದು, ಹೊರಟಿರೋಣ, ಗಡಿಗೆ ಮುಂಚಿನ ಹಳ್ಳಿ ಸಾರಿ ತಾಷ್‌ನಲ್ಲಿ ಮೇಲ್ ನೋಡೋಣ" ಅಂತ ಮನಸ್ಸು ಹೇಳುತ್ತದೆ. ನನಗೂ ಹಾಗೆ ಅನಿಸಿದ್ದಿದೆ. ಬೇಡ. ತಾರೀಕಿಗೆ ಹೆದರಿ ಬೆಟ್ಟ ಹತ್ತಿದವರು ಎತ್ತರಕ್ಕೆ ಮೈ ಕೆಟ್ಟು ದಾರಿಯಲ್ಲೇ ಮಲಗಿದ್ದನ್ನು ನೋಡಿದ್ದೇನೆ. ಓಷ್ ಇರುವುದು ಸುಮಾರು 1,000 ಮೀಟರಿನಲ್ಲಿ. ತಾಲ್ದಿಕ್ ಕಣಿವೆದಾರಿ 3,615, ಸಾರಿ ತಾಷ್ 3,170, ಕಿಜಿಲ್ ಆರ್ಟ್ 4,280, ಕಾರಾಕುಲ್ ಕೆರೆ 3,900ರ ಮೇಲೆ, ಆಮೇಲೆ ಅಕ್ ಬೈತಾಲ್ ಕಣಿವೆದಾರಿ 4,655. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಅಷ್ಟೇ, ಕಿಜಿಲ್ ಆರ್ಟ್ ಅದರ ಎರಡು ಪಟ್ಟಿಗಿಂತಲೂ ಮೇಲೆ. 3,000 ದಾಟಿದ ಮೇಲೆ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಎತ್ತರಕ್ಕೆ ಹೋಗಿ ಮಲಗಬಾರದು ಅನ್ನುತ್ತಾರೆ. ನಿಮ್ಮ ನಾಲ್ಕು ದಿನದ ಲೆಕ್ಕದಲ್ಲಿ ಒಂದು ದಿನದ ವಿಶ್ರಾಂತಿಗೂ ಜಾಗ ಇಲ್ಲ. ತಲೆನೋವು ಬಂದು ವಾಂತಿ ಶುರುವಾದರೆ ಕೆಳಗೆ ಇಳಿಯಲೇಬೇಕು. ಇಳಿದರೆ ವೀಸಾ ಮುಗಿದಿರುತ್ತದೆ.

ಹಿಂದಿನಿಂದ ಲೆಕ್ಕ ಹಾಕಿ. 20ಕ್ಕೆ ಹೊರಗಿರಬೇಕು ಅಂದರೆ 16ರ ಸಂಜೆ ನಿಮ್ಮ ಕೊನೆ ಗಡುವು. ಅಷ್ಟರೊಳಗೆ ಬರದಿದ್ದರೆ ಆ ದಾರಿ ಬಿಟ್ಟುಬಿಡಿ. ಉಜ್ಬೇಕಿಸ್ತಾನದ ಇ-ವೀಸಾ ಇದೆಯಾ? ಇದ್ದರೆ ದೋಸ್ತುಕ್ ಗಡಿ ಓಷ್ ಪಕ್ಕದಲ್ಲೇ ಇದೆ, ಒಂದು ಗಂಟೆಯೂ ಬೇಡ.

ಇನ್ನೊಂದು ಕೇಳಬೇಕು. ನಿಮ್ಮ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ತುಂಬಿದೆಯಾ, ಖಾಲಿ ಇದೆಯಾ?

ಮಲೆನಾಡ ಸವಾರಿ
ಸೆಪ್ಟೆಂಬರ್ 13, ಮಧ್ಯಾಹ್ನ

ನಿಮ್ಮ ಬರಹ ಓದಿ ಸವನ್ನಾಖೆತ್ ನೆನಪಾಯಿತು. ಲಾವೋಸ್‌ನ ಊರು, ಮೆಕಾಂಗ್ ದಂಡೆಯಲ್ಲಿದೆ, ನದಿ ಆಚೆ ಥಾಯ್ಲೆಂಡ್. ವಿಯೆಟ್ನಾಮ್ ಇ-ವೀಸಾದಲ್ಲಿ ಯಾವ ಗಡಿಯಿಂದ ಒಳಗೆ ಬರುತ್ತೀರಿ ಅಂತ ಅರ್ಜಿಯಲ್ಲೇ ಬರೆಯಬೇಕು. ನಾನು ಅಭ್ಯಾಸಬಲದಿಂದ ಪಟ್ಟಿಯಲ್ಲಿ ಹೋ ಚಿ ಮಿನ್ ನಗರದ ವಿಮಾನ ನಿಲ್ದಾಣ ಆರಿಸಿದ್ದೆ. ನಾನು ಹೋಗುತ್ತಿದ್ದುದು ಲಾವೋಸ್ ವಿಯೆಟ್ನಾಮ್ ನಡುವಿನ ಲಾವ್ ಬಾವ್ ಗಡಿಗೆ, ಸೈಕಲ್ಲಿನಲ್ಲಿ. ಸವನ್ನಾಖೆತ್‌ನಲ್ಲಿ ಕೂತು ಮತ್ತೆ ಓದಿದಾಗ ಎದೆ ಧಸಕ್ಕೆಂದಿತು. ಹೊಸದಾಗಿ ಅರ್ಜಿ, ಮತ್ತೆ 25 ಡಾಲರ್, ಮತ್ತೆ ಆರು ದಿನ.

ಮೊದಲ ಎರಡು ದಿನ ನಿಮ್ಮ ಹಾಗೇ ಫೋನ್ ಹಿಡಿದುಕೊಂಡೇ ಕೂತಿದ್ದೆ. ಮೂರನೇ ದಿನ ಹಿಂದಿನ ಚಕ್ರ ಬಿಚ್ಚಿದೆ. ಬ್ಯಾಗಿನ ಕೆಳಗಿನ ಹೊಲಿಗೆ ಬಿಟ್ಟಿತ್ತು. ಸಂತೆ ಬಾಗಿಲಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಅಜ್ಜನ ಹತ್ತಿರ ಕೊಟ್ಟೆ. ಅವರು ಹಳೇ ಟ್ಯೂಬಿನ ಒಂದು ತುಂಡು ಕತ್ತರಿಸಿ, ಒಳಗಿಂದ ಇಟ್ಟು, ದಪ್ಪ ದಾರದಲ್ಲಿ ಎರಡು ಸಾಲು ಹೊಲಿದರು. ಆ ಹೊಲಿಗೆ ಇವತ್ತಿಗೂ ಬಿಟ್ಟಿಲ್ಲ. ಆ ಊರಿನ ಬೆಳಗು, ನದಿ ದಂಡೆಯಲ್ಲಿ ಭಿಕ್ಷೆಗೆ ಸಾಲಾಗಿ ಬರುವ ಭಿಕ್ಕುಗಳು, ಅನ್ನ ಹಿಡಿದು ಕಾದಿರುವ ಹೆಂಗಸರು, ಇವೆಲ್ಲ ನನಗೆ ಸಿಕ್ಕಿದ್ದು ಆ ಆರು ದಿನದಲ್ಲಿ.

ಮೇಲ್ ನೋಡುವುದಕ್ಕೆ ಹೊತ್ತು ಇಟ್ಟುಕೊಳ್ಳಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ರಾತ್ರಿ ನಿದ್ದೆ ಮಾಡಿ ಮಾರಾಯರೇ. ಯಾವ ಕಚೇರಿಯೂ ರಾತ್ರಿ ಎರಡಕ್ಕೆ ವೀಸಾ ಕಳಿಸುವುದಿಲ್ಲ.

ಧಾರವಾಡದ ಪೆಡಲ್
ಸೆಪ್ಟೆಂಬರ್ 13, ಸಂಜೆ

ಗಾಲಿಮನೆ ಸರ್, ಉಜ್ಬೇಕಿಸ್ತಾನದ ಇ-ವೀಸಾ ಇದೆ. 20 ಡಾಲರ್‌ದು, ಒಂದು ಸಲ ಒಳಗೆ ಹೋಗಲು. ಸಮರ್‌ಕಂದ್‌ಗೆ ಅಂತ ಇಟ್ಟುಕೊಂಡಿದ್ದೆ.

ಸರ್‌ನೇಮ್ ಜಾಗ ಖಾಲಿ ಇದೆ. ನೀವು ಕೇಳಿದ ಮೇಲೆ ಪಾಸ್‌ಪೋರ್ಟ್ ತೆಗೆದು ನೋಡಿದೆ, ಆಮೇಲೆ ಅರ್ಜಿ ನೋಡಿದೆ. ನಮ್ಮ ಮನೆಯಲ್ಲಿ ಅಡ್ಡಹೆಸರು ಇದೆ, ಆದರೆ ಶಾಲೆಯ ದಾಖಲೆಯಲ್ಲಿ ಬರೀ ನನ್ನ ಹೆಸರು, ಮುಂದೆ ಅಪ್ಪನ ಹೆಸರಿನ ಒಂದು ಅಕ್ಷರ. ಪಾಸ್‌ಪೋರ್ಟಿಗೂ ಅದೇ ಹೋಯಿತು, ಹೆಸರೆಲ್ಲ ಒಂದೇ ಸಾಲಿನಲ್ಲಿ. ವೀಸಾ ಅರ್ಜಿಯಲ್ಲಿ ಸರ್‌ನೇಮ್ ಬರೆಯದೆ ಮುಂದಕ್ಕೆ ಬಿಡಲಿಲ್ಲ. ಅದಕ್ಕೆ ಅಪ್ಪನ ಪೂರ್ತಿ ಹೆಸರು ಬರೆದೆ. ಆ ಹೆಸರು ಪಾಸ್‌ಪೋರ್ಟಿನ ಫೋಟೋ ಪುಟದಲ್ಲಿ ಎಲ್ಲೂ ಇಲ್ಲ. ಇದೇ ಕಾರಣ ಇರಬಹುದಾ?

ಗಾಲಿಮನೆ
ಸೆಪ್ಟೆಂಬರ್ 13, ಸಂಜೆ

ಇರಬಹುದು. ಇದೇ ಅಂತ ನಾನು ಖಾತ್ರಿ ಕೊಡಲಾರೆ, ಆದರೆ ಇದನ್ನು ಸರಿ ಮಾಡದೆ ಕಾಯುವುದರಲ್ಲಿ ಅರ್ಥ ಇಲ್ಲ. ನಾಳೆ ವೀಸಾ ಬಂದರೂ ಅದರಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಒಂದು ಹೆಸರು. ಚೌಕಿಯಲ್ಲಿ ನಿಂತವರು ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುತ್ತಾರೆ.

ನಮ್ಮ ಕಡೆ ಇದು ತುಂಬಾ ಜನರ ಕಷ್ಟ. ಅಪ್ಪನ ಹೆಸರು ಇನಿಶಿಯಲ್, ಊರಿನ ಹೆಸರು ಇನಿಶಿಯಲ್, ಕೆಲವರಿಗೆ ಎರಡೂ. ಊರಲ್ಲಿ ಯಾರಿಗೂ ಇದರಿಂದ ತೊಂದರೆ ಇಲ್ಲ. ಹೊರಗೆ ಕಾಲಿಟ್ಟ ಕೂಡಲೇ ಪ್ರತಿ ಅರ್ಜಿಯೂ ಎರಡು ಹೆಸರು ಕೇಳುತ್ತದೆ. ಒಂದು ದೇಶ ಹೆಸರನ್ನು ಎರಡು ಸಲ ಬರೆಯಿರಿ ಅನ್ನುತ್ತದೆ, ಇನ್ನೊಂದು ಗೊತ್ತಿಲ್ಲ ಅನ್ನುವ ಸಂಕೇತ ಹಾಕುತ್ತದೆ. 2022ರ ನವೆಂಬರಿನಿಂದ ಯುಎಇಯವರು ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾ ಕೊಡುವುದನ್ನೇ ನಿಲ್ಲಿಸಿದರು. ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ಕೇಳಿ: ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ಹಾಗೇ 36 ಪುಟದ್ದು ಬೇಡ, 60 ಪುಟದ್ದು ತಗೊಳ್ಳಿ. 500 ರೂಪಾಯಿ ಜಾಸ್ತಿ ಅಷ್ಟೇ. ಎಷ್ಟೋ ದೇಶಗಳು ಖಾಲಿ ಪುಟ ಎರಡಾದರೂ ಕೇಳುತ್ತವೆ.

ಈಗ ನೀವು ಮಾಡಬೇಕಾದದ್ದು: ಫೋಟೋ ಪುಟದ ತಳದಲ್ಲಿ ಯಂತ್ರ ಓದುವ ಎರಡು ಸಾಲು ಇವೆಯಲ್ವಾ, ಅದರಲ್ಲಿ ಹೆಸರು ಹೇಗಿದೆಯೋ ಹಾಗೇ ಇಟ್ಟುಕೊಂಡು ಹೊಸ ಅರ್ಜಿ ಹಾಕಿ. ಸರ್‌ನೇಮ್ ಕೇಳಿದ ಕಡೆ ಅದೇ ಹೆಸರನ್ನು ಮತ್ತೆ ಬರೆಯಿರಿ, ಹೊಸ ಹೆಸರು ತರಬೇಡಿ. ಹಳೇ ಅರ್ಜಿಯ ನಂಬರ್ ಹಾಕಿ, ಹೀಗೆ ತಪ್ಪಾಗಿದೆ ಅಂತ ನಾಲ್ಕು ಸಾಲಿನ ಮೇಲ್ ಕಳಿಸಿ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅಪ್ಪನ ಹೆಸರು ಇರುತ್ತದೆ, ಅದರ ಸ್ಕ್ಯಾನನ್ನೂ ಜೊತೆಗಿಡಿ.

ಓಷ್‌ನ ಕಲಬುರಗಿ ಹುಡುಗ
ಸೆಪ್ಟೆಂಬರ್ 13, ರಾತ್ರಿ

ಅಣ್ಣಾ, ನೀವು ಓಷ್‌ನಲ್ಲೇ ಇದ್ದೀರಾ! ನಾನು ಇಲ್ಲೇ ಎಂಬಿಬಿಎಸ್ ಮೂರನೇ ವರ್ಷ. ಈ ಊರಲ್ಲಿ ನಮ್ಮ ದೇಶದ ಹುಡುಗರು ಹುಡುಗಿಯರು ತುಂಬಾ ಇದ್ದೇವೆ, ಕನ್ನಡದವರೂ ಇದ್ದಾರೆ. ಹನ್ನೊಂದು ದಿನ ಒಬ್ಬರೇ ಕೂತಿದ್ದೀರಿ ಅಂತ ಓದಿ ಬೇಜಾರಾಯಿತು.

ನಾಳೆ ಭಾನುವಾರ, ಕ್ಲಾಸ್ ಇಲ್ಲ. ನಮ್ಮ ರೂಮಿಗೆ ಬನ್ನಿ. ಜೋಳದ ರೊಟ್ಟಿ ಇಲ್ಲ, ಆದರೆ ಅಮ್ಮ ಕಳಿಸಿದ ಶೇಂಗಾ ಹಿಂಡಿ ಇದೆ. ಸ್ಕ್ಯಾನ್ ಮಾಡುವ ಅಂಗಡಿ ನನಗೆ ಗೊತ್ತು. ಅಲ್ಲಿನ ಅಕ್ಕ ನಮ್ಮ ಪಾಸ್‌ಪೋರ್ಟುಗಳನ್ನು ನೋಡಿ ನೋಡಿ ಪಳಗಿದ್ದಾರೆ, ಯಾವ ಪುಟ ಬೇಕು ಅಂತ ಕೇಳುವುದೇ ಇಲ್ಲ. ನಂಬರ್ ಇಲ್ಲಿ ಹಾಕುವುದು ಬೇಡ, ಖಾಸಗಿ ಸಂದೇಶ ಕಳಿಸಿದ್ದೇನೆ, ನೋಡಿ.

ಹಳೇ ಅಟ್ಲಾಸ್
ಸೆಪ್ಟೆಂಬರ್ 14, ಬೆಳಿಗ್ಗೆ

ತಮ್ಮಾ, ನಾನು ರಿಟೈರ್ ಆದ ಮೇಷ್ಟ್ರು, ದಾವಣಗೆರೆ. ನನ್ನ ಸೈಕಲ್ ಚಿತ್ರದುರ್ಗ ದಾಟಿಲ್ಲ, ಆದರೆ ಸೈಕಲ್ ಯಾತ್ರೆಯ ಕಥೆ ಸಿಕ್ಕಿದರೆ ಬಿಡುವುದಿಲ್ಲ. ಕಾಯುವವನು ನೀನೊಬ್ಬನೇ ಅಲ್ಲ ಅಂತ ಹೇಳಲಿಕ್ಕೆ ಬರೆಯುತ್ತಿದ್ದೇನೆ.

ಸೈಕಲ್ಲಿನಲ್ಲಿ ಮೊದಲು ಭೂಮಿ ಸುತ್ತಿದವನು ಥಾಮಸ್ ಸ್ಟೀವನ್ಸ್. 1884ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ. ಮುಂದೆ ದೊಡ್ಡ ಚಕ್ರ, ಹಿಂದೆ ಪುಟ್ಟ ಚಕ್ರ, ಅಂಥ ಸೈಕಲ್. 1885ರ ಚಳಿಗಾಲ ಪೂರ್ತಿ ಟೆಹರಾನಿನಲ್ಲಿ ಕಳೆದ. ರಷ್ಯಾದವರು ತಮ್ಮ ನೆಲದಲ್ಲಿ ಹೋಗಲು ಬಿಡಲಿಲ್ಲ. ಅಫ್ಘಾನಿಸ್ತಾನದ ದಾರಿ ಹಿಡಿದರೆ ಅಲ್ಲಿ ಹಿಡಿದು ವಾಪಸ್ ಕಳಿಸಿದರು. ಇಷ್ಟು ದೂರ ಬಂದವನು ಹಿಂದಕ್ಕೆ ಹೋಗಿ, ಹಡಗು ಹತ್ತಿ, ಸುತ್ತು ಹಾಕಿ ಹಿಂದೂಸ್ತಾನಕ್ಕೆ ಬಂದು, ಲಾಹೋರಿನಿಂದ ಕಲ್ಕತ್ತೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಸೈಕಲ್ ತುಳಿದ. 1886ರ ಡಿಸೆಂಬರಿನಲ್ಲಿ ಯೊಕೊಹಾಮಾ ಮುಟ್ಟಿದ. ಅವನು ಅಂದುಕೊಂಡ ದಾರಿ ಬೇರೆ, ಹೋದ ದಾರಿ ಬೇರೆ. ಆದರೂ ಸುತ್ತಿದ್ದು ಸುತ್ತಿದ್ದೇ.

ನಮ್ಮವರೂ ಕಡಿಮೆ ಇಲ್ಲ. 1923ರ ಅಕ್ಟೋಬರಿನಲ್ಲಿ ಬೊಂಬಾಯಿಯಿಂದ ಆರು ಮಂದಿ ಪಾರ್ಸಿ ಹುಡುಗರು ಹೊರಟರು. ಕೊನೆಗೆ ಪೂರ್ತಿ ಸುತ್ತಿ 1928ರಲ್ಲಿ ಊರಿಗೆ ಬಂದವರು ಮೂವರು: ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗಾರಾ. ಒಟ್ಟು 71,000 ಕಿ.ಮೀ. 1977ರಲ್ಲಿ ಚಿತ್ರಕಾರ ಪಿ.ಕೆ. ಮಹಾನಂದಿಯಾ ದೆಹಲಿಯಿಂದ ಹಳೇ ಸೈಕಲ್ಲಿನಲ್ಲಿ ಹೊರಟು ಅಫ್ಘಾನಿಸ್ತಾನ, ಇರಾನ್, ಟರ್ಕಿ ದಾಟಿ ಸ್ವೀಡನ್ನಿನ ಹೆಂಡತಿಯ ಊರಿಗೆ ಸೇರಿದರು. ಎರಡೇ ವರ್ಷದಲ್ಲಿ ಇರಾನಿನಲ್ಲಿ ಕ್ರಾಂತಿ, ಅದೇ 1979ರ ಕೊನೆಗೆ ಅಫ್ಘಾನಿಸ್ತಾನದೊಳಗೆ ಸೋವಿಯತ್ ಸೈನ್ಯ. ಆ ದಾರಿ ಮುಚ್ಚಿತು.

ಈಗ ನಮ್ಮ ದೇಶ ಸೈಕಲ್ ಸವಾರನ ಪಾಲಿಗೆ ದ್ವೀಪ ಇದ್ದ ಹಾಗೆ. ಪಶ್ಚಿಮಕ್ಕೆ ಪಾಕಿಸ್ತಾನ, ಹೋಗುವ ಹಾಗಿಲ್ಲ. ಪೂರ್ವಕ್ಕೆ ಮಣಿಪುರದಿಂದ ಮ್ಯಾನ್ಮಾರಿಗೆ ಹೋಗುವ ಮೊರೆ ಗಡಿ 2018ರ ಆಗಸ್ಟಿನಲ್ಲಿ ತೆರೆದಾಗ ಎಷ್ಟು ಖುಷಿಪಟ್ಟಿದ್ದೆ ನಾನು! ಇಲ್ಲಿಂದ ಥಾಯ್ಲೆಂಡಿನ ತನಕ ಸೈಕಲ್ ತುಳಿಯಬಹುದು ಅಂತ. 2020ರಲ್ಲಿ ಕೊರೋನಾ, 2021ರಲ್ಲಿ ಮ್ಯಾನ್ಮಾರಿನಲ್ಲಿ ಸೈನ್ಯದ ಆಡಳಿತ, ಆ ಆಸೆಯೂ ಹೋಯಿತು. ನೇಪಾಳ, ಭೂತಾನ್, ಬಾಂಗ್ಲಾ ಬಿಟ್ಟರೆ ನೆಲದ ಮೇಲೆ ಹೊರಗೆ ಹೋಗಲು ನಮ್ಮ ಹುಡುಗರಿಗೆ ದಾರಿ ಇಲ್ಲ. ನೀನು ಸೈಕಲ್ಲನ್ನು ಡಬ್ಬಿಯಲ್ಲಿ ಕಟ್ಟಿದ್ದು ಓದಿದಾಗ ನನಗೆ ಕಣ್ಣಲ್ಲಿ ನೀರು ಬಂತು ತಮ್ಮಾ.

ಹೊಸ ಸವಾರ
ಸೆಪ್ಟೆಂಬರ್ 14, ಮಧ್ಯಾಹ್ನ

ತಿಳಿಯದೆ ಕೇಳುತ್ತಿದ್ದೇನೆ. ಇಷ್ಟೆಲ್ಲ ಪಾಡು ಯಾಕೆ? ಏಜೆಂಟರ ಕೈಗೆ ಕೊಟ್ಟರೆ ಆಗುವುದಿಲ್ವಾ? ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್ ಎಲ್ಲ ಅವರೇ ಡಮ್ಮಿ ಮಾಡಿಕೊಡುತ್ತಾರಂತೆ.

ಮಲೆನಾಡ ಸವಾರಿ
ಸೆಪ್ಟೆಂಬರ್ 14, ಸಂಜೆ

ಏಜೆಂಟರ ಹತ್ತಿರ ಹೋಗುವುದು ತಪ್ಪಲ್ಲ. ಡಮ್ಮಿ ಮಾತ್ರ ಬೇಡ. ಅರ್ಜಿಯ ಕೊನೆಯಲ್ಲಿ ಸಹಿ ಹಾಕುವುದು ನೀವು, ಏಜೆಂಟ್ ಅಲ್ಲ. ಸುಳ್ಳು ಅಂತ ಗೊತ್ತಾದರೆ ಆ ನಿರಾಕರಣೆ ಮುಂದಿನ ಪ್ರತಿ ಅರ್ಜಿಯಲ್ಲೂ ನಿಮ್ಮ ಹಿಂದೆ ಬರುತ್ತದೆ. "ಹಿಂದೆ ವೀಸಾ ನಿರಾಕರಿಸಿದ್ದಾರಾ" ಅಂತ ಎಷ್ಟೋ ಅರ್ಜಿಗಳಲ್ಲಿ ಕೇಳುತ್ತಾರೆ.

ಸೈಕಲ್ ಸವಾರರಿಗೆ ವಾಪಸ್ ಟಿಕೆಟ್ ಇರುವುದಿಲ್ಲ, ದಿನದಿನದ ಹೋಟೆಲ್ ಇರುವುದಿಲ್ಲ, ನಿಜ. ನಾನು ಮಾಡುವುದು ಇಷ್ಟು. ದುಡ್ಡು ವಾಪಸ್ ಸಿಗುವ ಬುಕಿಂಗ್ ಮಾಡುತ್ತೇನೆ, ದೊಡ್ಡ ಊರುಗಳಲ್ಲಿ ಮಾತ್ರ. ಒಂದು ಪುಟದ ಪತ್ರ ಬರೆಯುತ್ತೇನೆ: ಯಾವ ತಾರೀಕು ಯಾವ ಊರು, ದಿನಕ್ಕೆ ಎಷ್ಟು ಕಿ.ಮೀ., ಯಾವ ಗಡಿಯಿಂದ ಒಳಗೆ, ಯಾವ ಗಡಿಯಿಂದ ಹೊರಗೆ. ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ ಸೀಲು ಹಾಕಿಸಿಯೇ ಊರಿಂದ ಹೊರಡುತ್ತೇನೆ. ಹಿಂದಿನ ಯಾತ್ರೆಯ ಎರಡು ಫೋಟೋ, ಸೈಕಲ್ ಜೊತೆಗಿನದು, ಸೇರಿಸುತ್ತೇನೆ.

ಗಾಲಿಮನೆ
ಸೆಪ್ಟೆಂಬರ್ 14, ರಾತ್ರಿ

ಮಲೆನಾಡ ಸವಾರಿ ಅಕ್ಕ ಹೇಳಿದ್ದು ಸರಿ. ಏಜೆಂಟರ ವಿಷಯದಲ್ಲಿ ನನ್ನದು ಸ್ವಲ್ಪ ಬೇರೆ ಅನುಭವ. ಕೆಲವು ವೀಸಾಗಳು ಆಮಂತ್ರಣ ಪತ್ರ ಇಲ್ಲದೆ ಸಿಗುವುದೇ ಇಲ್ಲ. 2019ರಲ್ಲಿ ತುರ್ಕಮೆನಿಸ್ತಾನದ ಪ್ರವಾಸಿ ವೀಸಾ ಅಂಥದಾಗಿತ್ತು. ಆ ಪತ್ರ ತೆಗೆಸಲು ಅಲ್ಲಿನ ಟ್ರಾವೆಲ್ ಕಂಪನಿ ಬೇಕೇ ಬೇಕಿತ್ತು.

ಅದನ್ನು ತಪ್ಪಿಸಲು ಸೈಕಲ್‌ನವರು ಟ್ರಾನ್ಸಿಟ್ ವೀಸಾ, ಅಂದರೆ ಬರೀ ದೇಶ ದಾಟಿಹೋಗಲು ಕೊಡುವ ವೀಸಾ, ತಗೊಳ್ಳುತ್ತಿದ್ದೆವು. ನಾನು 2019ರಲ್ಲಿ ತಗೊಂಡಿದ್ದೆ. ಐದೇ ದಿನ. ಒಳಗೆ ಹೋಗುವ ಗಡಿ, ಹೊರಬರುವ ಗಡಿ, ಎರಡೂ ತಾರೀಕು ವೀಸಾದ ಮೇಲೆ ಅಚ್ಚಾಗಿರುತ್ತದೆ. ಅದು ಸಿಗಬೇಕಾದರೆ ಮುಂದಿನ ದೇಶದ ವೀಸಾ, ಅಂದರೆ ಇರಾನಿನದು, ಮೊದಲು ಪಾಸ್‌ಪೋರ್ಟಿನಲ್ಲಿ ಇರಬೇಕು. ಇರಾನಿನದಕ್ಕೆ ಕಾದೆ, ಅದು ಬಂದ ಮೇಲೆ ಇದಕ್ಕೆ ಕಾದೆ, ಅಷ್ಟರಲ್ಲಿ ಉಜ್ಬೇಕಿಸ್ತಾನದ ದಿನಗಳು ಕರಗುತ್ತಾ ಬಂದವು. ಒಂದು ವೀಸಾ ಇನ್ನೊಂದರ ಬಾಲ ಹಿಡಿದುಕೊಂಡಿರುತ್ತದೆ.

ಕೊನೆಗೆ ಉಜ್ಬೇಕ್ ಗಡಿಯ ಫರಾಪ್‌ನಿಂದ ಇರಾನ್ ಗಡಿಯ ಸರಖ್ಸ್‌ಗೆ ಸುಮಾರು 500 ಕಿ.ಮೀ., ಕಾರಾಕುಮ್ ಮರಳುಗಾಡು, ಐದು ದಿನ. ಮೂರನೇ ದಿನ ಎದುರು ಗಾಳಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ತುಳಿದರೂ ಗಂಟೆಗೆ ಒಂಬತ್ತು ಕಿ.ಮೀ. ದಾಟಲಿಲ್ಲ. ಬಾಟಲಿಯ ನೀರು ಚಹಾದಷ್ಟು ಬಿಸಿ. ರಸ್ತೆ ಬದಿಯ ಕೊಳವೆಯ ನೆರಳಲ್ಲಿ ಮಲಗಿದ್ದಾಗ ಒಂಟೆ ಬಂದು ಹೆಲ್ಮೆಟ್ ಮೂಸಿ ಹೋಯಿತು. ಆ ದೇಶದಲ್ಲಿ ಐದು ದಿನ ಇದ್ದೆ, ಆದರೆ ಅಲ್ಲಿನ ಒಂದು ಮನೆಯ ಒಳಗೂ ಕೂತು ಮಾತಾಡಲು ಆಗಲಿಲ್ಲ. ಆ ನೋವು ಈಗಲೂ ಇದೆ. ಅದಕ್ಕೇ ನಿಮಗೆ ಓಡಬೇಡಿ ಅಂತ ಒತ್ತಿ ಹೇಳುತ್ತಿದ್ದೇನೆ.

ಬರ್ಲಿನ್ ಕನ್ನಡಿಗ
ಸೆಪ್ಟೆಂಬರ್ 15, ಬೆಳಿಗ್ಗೆ

ಪೆಡಲ್ ಅವರೇ, ನಿಮ್ಮ ಹಳೇ ಬರಹಗಳಲ್ಲಿ ಜಾರ್ಜಿಯಾ, ಟರ್ಕಿ, ಆಮೇಲೆ ಯುರೋಪ್ ಅಂತ ಓದಿದ್ದೆ. ಯುರೋಪಿನ ಹೆಚ್ಚಿನ ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾವನ್ನು ಜಾರ್ಜಿಯಾದ ಟಿಬಿಲಿಸಿಯಲ್ಲಿ ಮಾಡಿಸುತ್ತೇನೆ ಅಂದಿದ್ದಿರಿ. ಈಗಲೇ ಹೇಳಿಬಿಡುತ್ತೇನೆ, ಅದರ ಮೇಲೆ ನೆಚ್ಚಿಕೊಳ್ಳಬೇಡಿ. ನೀವು ವಾಸ ಇರುವ ದೇಶದಲ್ಲೇ ಅರ್ಜಿ ಹಾಕಬೇಕು ಅನ್ನುವುದು ಸಾಮಾನ್ಯ ನಿಯಮ. ಪ್ರವಾಸಿಯಾಗಿ ಬಂದವರು ಇಲ್ಲೇ ಯಾಕೆ ಹಾಕುತ್ತಿದ್ದೀರಿ ಅನ್ನುವುದಕ್ಕೆ ಬಲವಾದ ಕಾರಣ ಕೊಡಬೇಕು. "ಸೈಕಲ್ಲಿನಲ್ಲಿ ಬಂದೆ" ಅಂದರೆ ಸಾಕಾಗದೇ ಇರಬಹುದು.

ಇಲ್ಲಿ ನನ್ನ ಜೊತೆ ಸೈಕಲ್ ತುಳಿಯುವ ಜರ್ಮನ್ನರ ಹತ್ತಿರ ಎರಡು ಪಾಸ್‌ಪೋರ್ಟ್ ಇರುತ್ತವೆ. ಕಾರಣ ಕೊಟ್ಟರೆ ಇಲ್ಲಿ ಎರಡನೆಯದು ಕೊಡುತ್ತಾರೆ. ಒಂದರಲ್ಲಿ ಯಾತ್ರೆ ಮಾಡುತ್ತಾ ಇನ್ನೊಂದನ್ನು ವೀಸಾಗೆ ಕಳಿಸುತ್ತಾರೆ. ನಮಗೆ ಇರುವುದು ಒಂದೇ. ಅದು ವೀಸಾ ಕೇಂದ್ರದಲ್ಲಿ ಇರುವಷ್ಟು ದಿನ ನಾವು ಆ ಊರು ಬಿಡುವ ಹಾಗಿಲ್ಲ. ಮೊದಲ ಸಲ ಇದು ಗೊತ್ತಾದಾಗ ನನಗೆ ತುಂಬಾ ನೋವಾಗಿತ್ತು.

ಆದರೆ ಈ ಷೆಂಗೆನ್ ವೀಸಾದ ಒಂದು ಗುಣ ಹೇಳಲೇಬೇಕು. ಇದೊಂದು ಕೈಯಲ್ಲಿದ್ದರೆ ಎಷ್ಟೋ ಬಾಗಿಲು ತೆರೆಯುತ್ತವೆ. ಜಾರ್ಜಿಯಾಗೆ ಬೇರೆ ವೀಸಾ ಬೇಡ. ಟರ್ಕಿಯ ಇ-ವೀಸಾ ನಮ್ಮವರಿಗೆ ಷೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡ್ ವೀಸಾ ಇದ್ದರೆ ಮಾತ್ರ ಸಿಗುತ್ತದೆ, 30 ದಿನಕ್ಕೆ. ಸೆರ್ಬಿಯಾ ಕೂಡ ಇದರ ಮೇಲೆ ಬಿಡುತ್ತದೆ. ಅಂದರೆ ದಾರಿಯಲ್ಲಿ ಕೊನೆಗೆ ಬರುವ ವೀಸಾವನ್ನು ಎಲ್ಲಕ್ಕಿಂತ ಮೊದಲು ಮಾಡಿಸಬೇಕು. ಕಷ್ಟ ಏನೆಂದರೆ ಪ್ರಯಾಣಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ತಗೊಳ್ಳುವುದಿಲ್ಲ, ಸೈಕಲ್ಲಿನಲ್ಲಿ ಅಷ್ಟರಲ್ಲಿ ಇಲ್ಲಿಗೆ ತಲುಪಲೇಬೇಕು. ಇನ್ನೊಂದು, ಈ ವೀಸಾದಲ್ಲಿ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಮುಂಚೆ ಅದು ಮುಗಿಯುತ್ತಾ ಬಂದವರು ಬಲ್ಗೇರಿಯಾ, ರೊಮೇನಿಯಾಕ್ಕೆ ಹೋಗಿ ಉಳಿಯುತ್ತಿದ್ದರು. 2025ರ ಜನವರಿಯಿಂದ ಅವೆರಡೂ ಪೂರ್ತಿ ಷೆಂಗೆನ್ ಒಳಗೆ ಸೇರಿವೆ, ಅಲ್ಲಿನ ದಿನವೂ ಲೆಕ್ಕಕ್ಕೆ ಬರುತ್ತದೆ.

ನನ್ನ ಸಲಹೆ: ಚಳಿಗಾಲಕ್ಕೆ ಊರಿಗೆ ಬನ್ನಿ. ಸೈಕಲ್ ಅಲ್ಲೇ ನಂಬುವವರ ಮನೆಯಲ್ಲಿಡಿ. ಬೆಂಗಳೂರಲ್ಲಿ ಅರ್ಜಿ ಹಾಕಿ, ಶುಲ್ಕ 90 ಯೂರೋ. ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದ ತನಕ ಹೋಗುತ್ತದೆ. ಮಾರ್ಚಿನಲ್ಲಿ ಸೈಕಲ್ ಇಟ್ಟ ಕಡೆಗೇ ವಾಪಸ್ ಹೋಗಿ. ಅಪ್ಪ ಅಮ್ಮನನ್ನೂ ನೋಡಿದ ಹಾಗಾಗುತ್ತದೆ.

ಧಾರವಾಡದ ಪೆಡಲ್
ಸೆಪ್ಟೆಂಬರ್ 15, ರಾತ್ರಿ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ತಿಳಿಯುತ್ತಿಲ್ಲ. ನಿನ್ನೆ ಇಡೀ ದಿನ ಕಲಬುರಗಿ ತಮ್ಮನ ಜೊತೆ ಇದ್ದೆ. ಶನಿವಾರ ರಾತ್ರಿಯೇ ಹೊಸ ಅರ್ಜಿ ಹಾಕಿದ್ದೆ, ಮೇಲ್ ಜೊತೆ ಸ್ಕ್ಯಾನ್ ನಿನ್ನೆ ಹೋಯಿತು. ಇವತ್ತು ಮಧ್ಯಾಹ್ನ ಉತ್ತರ ಬಂತು: ಹಳೆಯದು ರದ್ದು, ಹೊಸದನ್ನು ನೋಡುತ್ತಿದ್ದೇವೆ. ಹನ್ನೆರಡು ದಿನದಲ್ಲಿ ಬಂದ ಮೊದಲ ಉತ್ತರ ಇದು.

ನಿನ್ನೆ ಸಂಜೆ ಸುಲೈಮಾನ್ ತೋ ಹತ್ತಿದೆವು. ಊರ ನಡುವೆಯೇ ಎದ್ದು ನಿಂತ ಕಲ್ಲಿನ ಗುಡ್ಡ, 2009ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹತ್ತುವ ದಾರಿಯಲ್ಲಿ ಒಂದು ಇಳಿಜಾರು ಬಂಡೆ ಇದೆ, ಜನ ಹರಕೆ ಹೊತ್ತು ಜಾರಿ ಜಾರಿ ಗಾಜಿನ ಹಾಗೆ ನುಣುಪಾಗಿದೆ. ಮಕ್ಕಳಾಗಲಿ ಅಂತ ಹೆಂಗಸರು, ಬೆನ್ನುನೋವು ಹೋಗಲಿ ಅಂತ ಮುದುಕರು. ಕೈ ಇಟ್ಟು ನೋಡಿದೆ, ಬಿಸಿಲು ಹೋಗಿದ್ದರೂ ಇನ್ನೂ ಬೆಚ್ಚಗಿತ್ತು. ನಮ್ಮ ಕಡೆಯ ಗುಡ್ಡದ ಗುಡಿಗೆ ಬಂದ ಹಾಗೇ ಅನಿಸಿತು.

ಕೆಳಗಿಳಿದು ಬಜಾರಿನಲ್ಲಿ ಉಜ್ಗೆನ್ ಅಕ್ಕಿ ನೋಡಿದೆ. ಕೆಂಪು ಬಣ್ಣ, ಮೇಲೆ ತೌಡಿನ ಪುಡಿ ಅಂಟಿಕೊಂಡಿರುತ್ತದೆ. ಅಂಗಡಿಯಜ್ಜ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ, ಊದಿ, ಮೂಗಿನ ಹತ್ತಿರ ಹಿಡಿದರು. ನಮ್ಮಜ್ಜಿ ಕಣಜದ ಬಾಗಿಲು ತೆಗೆದಾಗ ಬರುತ್ತಿದ್ದ ವಾಸನೆ ಅದು. ಒಂದು ಕಿಲೋ ತಗೊಂಡೆವು. ರಾತ್ರಿ ಹುಡುಗರೆಲ್ಲ ಸೇರಿ ಅನ್ನ, ಬೇಳೆಸಾರು. ಮೇಲೆ ಶೇಂಗಾ ಹಿಂಡಿ. ನಿನ್ನೆ ರಾತ್ರಿ ಮೇಲ್ ನೋಡದೆ ಮಲಗಿದೆ.

ನಾಳೆ ಸಂಜೆ ಆರಕ್ಕೆ ತೀರ್ಮಾನ. ಬಂದರೂ ಬಾರದಿದ್ದರೂ ಬೆಟ್ಟಕ್ಕೆ ಓಡುವುದಿಲ್ಲ ಅಂತ ಈಗಲೇ ಅನಿಸುತ್ತಿದೆ.

ಮಲೆನಾಡ ಸವಾರಿ
ಸೆಪ್ಟೆಂಬರ್ 16, ಬೆಳಿಗ್ಗೆ

ಉಜ್ಬೇಕಿಸ್ತಾನಕ್ಕೆ ಹೋಗುವುದಾದರೆ ಒಂದು ನೆನಪಿಟ್ಟುಕೊಳ್ಳಿ. ಅಲ್ಲಿ ತಂಗಿದ ಕಡೆ ಮೂರು ದಿನದೊಳಗೆ ಹೆಸರು ನೋಂದಣಿ ಆಗಬೇಕು. ಹೋಟೆಲಿನವರು ಅವರೇ ಮಾಡುತ್ತಾರೆ, ಡೇರೆಯಲ್ಲಿ ಮಲಗಿದರೆ ಮಾಡುವವರಿಲ್ಲ. ಎರಡು ರಾತ್ರಿ ಹೊರಗೆ ಮಲಗಿದರೆ ಮೂರನೆಯದು ಊರಲ್ಲಿ ರೂಮು ಮಾಡಿ. ಚೀಟಿ ಕೊಟ್ಟರೆ ಎಸೆಯಬೇಡಿ, ಪಾಸ್‌ಪೋರ್ಟಿನೊಳಗೇ ಇಟ್ಟುಕೊಳ್ಳಿ.

ಧಾರವಾಡದ ಪೆಡಲ್
ಸೆಪ್ಟೆಂಬರ್ 16, ರಾತ್ರಿ

ಬರಲಿಲ್ಲ. ಆರು ಗಂಟೆಯ ತನಕ ಕಾದು ಫೋನ್ ಕೆಳಗಿಟ್ಟೆ.

ನಾಳೆ ಬೆಳಿಗ್ಗೆ ದೋಸ್ತುಕ್ ಗಡಿ. ಬೇಜಾರಾಗಿದೆ, ಸುಳ್ಳು ಹೇಳುವುದಿಲ್ಲ. ಕಿಟಕಿಯಿಂದ ದಕ್ಷಿಣಕ್ಕೆ ನೋಡಿದರೆ ಆ ಬೆಟ್ಟಗಳ ಸಾಲು ಕಾಣುತ್ತದೆ. ಒಂದು ತಿಂಗಳು ಮುಂಚೆ ಹೆಸರು ಸರಿಯಾಗಿ ಬರೆದಿದ್ದರೆ ಇಷ್ಟೊತ್ತಿಗೆ ಪಾಮಿರ್ ನಡುವಿನ ಮುರ್ಗಾಬ್‌ನಲ್ಲಿ ಇರುತ್ತಿದ್ದೆ.

ಧಾರವಾಡದ ಪೆಡಲ್
ಸೆಪ್ಟೆಂಬರ್ 20, ಸಂಜೆ

ಉಜ್ಬೇಕಿಸ್ತಾನದ ಕೋಕಂದ್‌ನಿಂದ. ನಿನ್ನೆ ವೀಸಾ ಬಂತು! ಜಿಬಿಎಒ ಪರ್ಮಿಟ್ ಸಮೇತ, ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ. ರಸ್ತೆ ಬದಿಯ ಚಾಯ್‌ಖಾನಾದಲ್ಲಿ ಕೂತಿದ್ದೆ. ಕೂಗಿದ್ದಕ್ಕೆ ಪಕ್ಕದ ಮಂಚದ ಮೇಲೆ ಕೂತಿದ್ದ ಅಜ್ಜಂದಿರು ಏನಾಯಿತು ಅಂತ ಕೇಳಿದರು. ಫೋನ್ ತೋರಿಸಿದೆ. ಒಬ್ಬರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ತಮ್ಮ ಕೆಟಲಿನ ಹಸಿರು ಚಹಾವನ್ನು ನನ್ನ ಬಟ್ಟಲಿಗೆ ಹಾಕಿದರು. ನಾನ್ ರೊಟ್ಟಿ ಮುರಿದು ಕೊಟ್ಟರು. ದುಡ್ಡು ತಗೊಳ್ಳಲಿಲ್ಲ.

ಹೊಸ ದಾರಿ ಹೀಗೆ. ಇಲ್ಲಿಂದ ತಜಿಕಿಸ್ತಾನದ ಖುಜಂದ್, ಅಲ್ಲಿಂದ ರಾಜಧಾನಿ ದುಷಾನ್‌ಬೆ ಸುಮಾರು 300 ಕಿ.ಮೀ. ನಡುವೆ ಅಂಜೋಬ್ ಸುರಂಗ 5 ಕಿ.ಮೀ. ಉದ್ದ, ಅಲ್ಲಿ ಲಾರಿ ಹತ್ತುತ್ತೇನೆ. ಆಮೇಲೆ ಪಂಜ್ ನದಿ ಪಕ್ಕದಲ್ಲೇ ಪಾಮಿರ್‌ನ ಊರು ಖೊರೋಗ್ ತನಕ. ನದಿ ಆಚೆ ದಂಡೆ ಅಫ್ಘಾನಿಸ್ತಾನ. ಖೊರೋಗ್ ಇರುವುದು 2,100 ಮೀಟರಿನ ಆಸುಪಾಸು, ನಿಧಾನವಾಗಿ ಏರುವ ದಾರಿ. ಅಲ್ಲಿಂದ ಮೇಲೆ ಹಿಮ ಇದ್ದರೆ ವಾಪಸ್. ಸಮರ್‌ಕಂದ್‌ಗೆ ಉಜ್ಬೇಕಿಸ್ತಾನದ ಹೊಸ ವೀಸಾ ಬೇಕು, ಮತ್ತೊಂದು 20 ಡಾಲರ್ ಹೋಗುತ್ತದೆ, ಹೋಗಲಿ. ಬರ್ಲಿನ್ ಸರ್ ಹೇಳಿದ ಹಾಗೆ ಡಿಸೆಂಬರಿಗೆ ಊರು.

ಓಷ್‌ನ ತಮ್ಮನಿಗೆ ಗ್ಯಾಸ್ ಸಿಲಿಂಡರ್, ಉಳಿದ ಅಕ್ಕಿ ಕೊಟ್ಟು ಬಂದೆ. ಅವನು ಹಿಂಡಿಯ ಡಬ್ಬಿಯನ್ನೇ ನನ್ನ ಬ್ಯಾಗಿಗೆ ತುರುಕಿದ್ದಾನೆ, ಇವತ್ತು ಬೆಳಿಗ್ಗೆ ನೋಡಿದೆ.

ಒಂದು ಸಹಾಯ ಬೇಕು. ಹಿಂದಿನ ಟೈರು ತುಂಬಾ ಸವೆದಿದೆ, ಒಳಗಿನ ನೂಲು ಕಾಣುತ್ತಿದೆ. 700 ಅಳತೆಯ ಟೈರ್ ದುಷಾನ್‌ಬೆಯಲ್ಲಿ ಸಿಗುತ್ತದಾ, ಇಲ್ಲ ಇಲ್ಲೇ ಹುಡುಕಲಾ?

ಗಾಲಿಮನೆ
ಸೆಪ್ಟೆಂಬರ್ 20, ರಾತ್ರಿ

ನಾನು ಹೋದಾಗ ಆ ಕಡೆ 26 ಇಂಚಿನದು ಎಲ್ಲ ಬಜಾರಿನಲ್ಲೂ ಇತ್ತು, 700 ಕಷ್ಟಪಟ್ಟು ಹುಡುಕಿದ್ದೆ. ಕೋಕಂದ್ ಬಜಾರಿನಲ್ಲಿ ನಾಳೆಯೇ ಕೇಳಿ. ಸಿಗದಿದ್ದರೆ ಸವೆದ ಜಾಗದ ಒಳಗೆ ಹಳೇ ಟೈರಿನ ತುಂಡು ಇಟ್ಟುಕೊಂಡು, ಗಾಳಿ ಸ್ವಲ್ಪ ಕಡಿಮೆ ಮಾಡಿ, ಭಾರವನ್ನೆಲ್ಲ ಮುಂದಿನ ಬ್ಯಾಗಿಗೆ ಹಾಕಿ. ಖುಜಂದ್ ತಲುಪಿದ ಮೇಲೆ ಒಂದು ಸಾಲು ಬರೆಯಿರಿ.